ಕೊಟ್ಟಿಗೆಯಿಂದ ಬರುವ ಜ್ವರ
(ಉಪನ್ಯಾಸದ ಬರಹರೂಪ)



ನಮ್ಮ ಕೋಣನಕುಂಟೆಯ ಹೆಸರಿನಲ್ಲೇ ಕೋಣವೂ ಇದೆ, ಕುಂಟೆಯೂ ಇದೆ. 2021ರಿಂದ ಇಲ್ಲಿ ಮೆಟ್ರೋ ಓಡುತ್ತಿದೆ, ನಿಜ. ಆದರೆ ಕನಕಪುರ ರಸ್ತೆ ಹಿಡಿದು ಮುಂದೆ ಹೋದರೆ ಹುಲ್ಲಿನ ಮೆದೆ, ಕೊಟ್ಟಿಗೆ, ಹಾಲಿನ ಡೇರಿ ಎಲ್ಲವೂ ಸಿಗುತ್ತವೆ. ದನ, ಎಮ್ಮೆ, ಮೇಕೆಗಳೊಡನೆ ಬದುಕುವವರು ತಿಳಿದಿರಲೇಬೇಕಾದ ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಕಡೆಗೆ ತಮ್ಮ ಗಮನ ಸೆಳೆಯಬಯಸುತ್ತೇನೆ.

ಗಬ್ಬದ ಹಸು ಐದಾರು ತಿಂಗಳು ಕಳೆದ ಮೇಲೆ ಕಂದು ಹಾಕಿದರೆ ಕಾರಣ ಹಲವು ಇರಬಹುದು. ಮೊದಲು ಶಂಕಿಸಬೇಕಾದದ್ದು ಬ್ರೂಸೆಲ್ಲಾವನ್ನು. ಬಿದ್ದ ಕರುವಿನಲ್ಲಿ, ಸತ್ತೆಯಲ್ಲಿ, ಸೋರುವ ನೀರಿನಲ್ಲಿ ಅದು ತುಂಬಿರುತ್ತದೆ. ಅದೇ ಹಸು ಮುಂದಿನ ಸಲ ಸರಿಯಾಗಿಯೇ ಕರು ಹಾಕಬಹುದು. ರೋಗ ಹೋಯಿತೆಂದು ಮನೆಯವರಿಗೆ ನೆಮ್ಮದಿ. ರೋಗಾಣು ಮಾತ್ರ ಕೆಚ್ಚಲಿನಲ್ಲಿ ಉಳಿದು ಹಾಲಿನೊಡನೆ ಹೊರಬರುತ್ತಿರುತ್ತದೆ.

ಮಾಲ್ಟಾ ದ್ವೀಪದ ಬ್ರಿಟಿಷ್ ಸೈನಿಕರಲ್ಲಿ ಡೇವಿಡ್ ಬ್ರೂಸ್ ಇದನ್ನು ಕಂಡುಹಿಡಿದದ್ದು 1887ರಲ್ಲಿ. ಎಲ್ಲಿಂದ ಬರುತ್ತದೆಂದು ತಿಳಿಯಲು 1905ರವರೆಗೆ ಕಾಯಬೇಕಾಯಿತು. ನೋಡಲು ಆರೋಗ್ಯವಾಗಿದ್ದ ಮೇಕೆಗಳ ಹಾಲೇ ಮೂಲವೆಂದು ಅಲ್ಲಿಯ ವೈದ್ಯ ಜಮ್ಮಿತ್ ತೋರಿಸಿದರು. ಸೈನಿಕರಿಗೆ ಆ ಹಾಲು ನಿಲ್ಲಿಸಿದೊಡನೆ ಜ್ವರವೂ ಇಳಿಯಿತು.

ನಾವು ಹಾಲು ಕಾಯಿಸಿಯೇ ಕುಡಿಯುವವರು. ಚೆನ್ನಾಗಿ ಉಕ್ಕಿದರೆ ಬ್ರೂಸೆಲ್ಲಾ ಸಾಯುತ್ತದೆ. ದನದ ಕ್ಷಯಾಣುವೂ ಸಾಯುತ್ತದೆ. (ಈ ಕ್ಷಯಾಣು ದನದ ಕೆಮ್ಮಿನಿಂದಲೂ ಹರಡಬಲ್ಲದು. ಕ್ಷಯಕ್ಕೆ ಕೊಡುವ ಪೈರಾಜಿನಮೈಡ್ ಮಾತ್ರೆ ಇದರ ಮೇಲೆ ನಡೆಯುವುದಿಲ್ಲ.) ಹಸಿ ಹಾಲು ಶಕ್ತಿಯೆಂದು ಮಕ್ಕಳಿಗೆ ಕುಡಿಸುವ ಹಿರಿಯರು ಇದನ್ನು ದಯವಿಟ್ಟು ಕೇಳಿಸಿಕೊಳ್ಳಿ. ಆದರೆ ನನ್ನ ದೃಷ್ಟಿಯಲ್ಲಿ ನಮಗೆ ಹೆಚ್ಚಿನ ಅಪಾಯವಿರುವುದು ಲೋಟದಲ್ಲಲ್ಲ, ಕೈಯಲ್ಲಿ. ಬರಿಗೈಯಲ್ಲಿ ಸತ್ತೆ ಎಳೆಯುವವರಿಗೆ, ಕೊಟ್ಟಿಗೆ ಗುಡಿಸುವ ಹೆಂಗಸರಿಗೆ, ಕಸಾಯಿಖಾನೆಯಲ್ಲಿ ದುಡಿಯುವವರಿಗೆ ಚರ್ಮದ ಗಾಯದಿಂದ, ಕಣ್ಣಿನಿಂದ, ಉಸಿರಿನಿಂದ ಅದು ಒಳಸೇರುತ್ತದೆ. ಕೈಗವಸು, ಮೂಗಿಗೆ ಬಟ್ಟೆ ಇರಲಿ. ಸತ್ತೆಯನ್ನು ನಾಯಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಗರ್ಭಿಣಿಯರನ್ನಂತೂ ಈ ಕೆಲಸಕ್ಕೆ ಕಳಿಸಲೇಬೇಡಿ.

ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳಲ್ಲಿ ನೋವು; ಗಂಡಸರಲ್ಲಿ ಕೆಲವೊಮ್ಮೆ ವೃಷಣದ ಊತ. ಟೈಫಾಯಿಡ್ ಎಂದೋ ಮಲೇರಿಯಾ ಎಂದೋ ತಿಂಗಳುಗಟ್ಟಲೆ ಔಷಧಿ ನಡೆಯುವುದುಂಟು. ಮನೆಯಲ್ಲಿ ದನ ಇದೆಯೇ ಎಂದು ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಹಸು ಕಂದು ಹಾಕಿದ್ದನ್ನು ಹಾಲಿನ ವ್ಯಾಪಾರ ಕೆಡುತ್ತದೆಂದು ಮುಚ್ಚಿಡುವವರಿದ್ದಾರೆ. ಬೆಲೆ ತೆರುವವರು ಅವರ ಮನೆಯವರೇ. ಚಿಕಿತ್ಸೆ ಸಾಮಾನ್ಯವಾಗಿ ಎರಡು ಔಷಧಿಗಳು ಸೇರಿ ಆರು ವಾರ. ಜ್ವರ ಇಳಿಯಿತೆಂದು ಹತ್ತನೇ ದಿನಕ್ಕೆ ಬಿಟ್ಟರೆ ಮತ್ತೆ ಮರುಕಳಿಸಬಹುದು.

ಮನುಷ್ಯರಿಗೆ ನಮ್ಮಲ್ಲಿ ಲಸಿಕೆಯಿಲ್ಲ, ಕರುಗಳಿಗೆ ಇದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಜೀವನದಲ್ಲಿ ಒಂದೇ ಸಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಇದು ಜೀವಂತ ಲಸಿಕೆಯಾದ್ದರಿಂದ ಸೂಜಿ ಹಾಕುವಾಗ ಕರುವನ್ನು ಬಿಗಿಯಾಗಿ ಹಿಡಿಯಿರಿ. ಅದು ಹಾಕುವವರ ಕೈಗೆ ಚುಚ್ಚಿದರೆ ಅವರಿಗೇ ರೋಗ ಬರಬಹುದು.

ಕೊನೆಯದಾಗಿ ಒಂದು ಸಣ್ಣ ವಿಷಯ. ರಕ್ತಪರೀಕ್ಷೆಗೆ ಕಳಿಸುವಾಗ ಬ್ರೂಸೆಲ್ಲಾ ಶಂಕೆ ಎಂದು ಚೀಟಿಯ ಮೇಲೆ ಬರೆಸಿ. ಪ್ರಯೋಗಾಲಯದಲ್ಲಿ ಈ ರೋಗಾಣುವನ್ನು ಬೆಳೆಸುವವರಿಗೆ ಗಾಳಿಯಿಂದಲೇ ಸೋಂಕು ತಗಲುವುದುಂಟು.