17ಕ್ಕೆ ಸ್ಟಾರ್, ಆಮೇಲೆ?

ಇವತ್ತಿನ ಎಪಿಸೋಡ್ ಓಟದ ಬಗ್ಗೆ. ಒಲಿಂಪಿಕ್ಸ್ ಪದಕ ಗೆದ್ದವರ ಪಟ್ಟಿ ಓದೋಕೆ ಬಂದಿಲ್ಲ, ಭಯ ಬೇಡ. ಸ್ಕೂಲ್‌ನಲ್ಲಿದ್ದಾಗ ಎಲ್ಲರಿಗಿಂತ ಜೋರಾಗಿ ಓಡಿ, ದೇಶಕ್ಕೆಲ್ಲ ಹೆಸರಾದ ಮಕ್ಕಳು ಆಮೇಲೆ ಏನಾದರು ಅನ್ನೋದು ವಿಷಯ.

2000ನೇ ಇಸವಿ ಡಿಸೆಂಬರ್. ಅಮೆರಿಕದ ಫ್ಲೋರಿಡಾ ರಾಜ್ಯದ ಒರ್ಲಾಂಡೊ, ಡಿಸ್ನಿ ವರ್ಲ್ಡ್ ಇರೋ ಊರು. ಅಲ್ಲಿ ಹೈಸ್ಕೂಲ್ ಮಕ್ಕಳ ರಾಷ್ಟ್ರಮಟ್ಟದ ಕ್ರಾಸ್ ಕಂಟ್ರಿ ಫೈನಲ್. ಐದು ಕಿಲೋಮೀಟರ್ ಓಟ. ಮಿಷಿಗನ್‌ನ ಹುಡುಗ ಡೇಥನ್ ರಿಟ್ಜೆನ್‌ಹೈನ್ ಮೊದಲನೆಯವನಾಗಿ ಬಂದ. ವರ್ಜೀನಿಯಾದ ಅಲನ್ ವೆಬ್ ಎರಡನೆಯವನು. ಕ್ಯಾಲಿಫೋರ್ನಿಯಾದ ಗುಡ್ಡದ ಊರು ಬಿಗ್ ಬೇರ್ ಲೇಕ್‌ನಿಂದ ಬಂದ ರಯಾನ್ ಹಾಲ್ ಮೂರನೆಯವನು. ಮೂವರೂ ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದರು. ಅಮೆರಿಕದಲ್ಲಿ ಓಟದ ಹುಚ್ಚು ಇರೋರನ್ನ ಇವತ್ತಿಗೂ ಕೇಳಿ, ಈ ಮೂರು ಹೆಸರು ಒಂದೇ ಉಸಿರಲ್ಲಿ ಹೇಳ್ತಾರೆ.

ಅಲ್ಲಿನ ವ್ಯವಸ್ಥೆ ಒಂಚೂರು ಗೊತ್ತಿರಬೇಕು. ಅಮೆರಿಕದಲ್ಲಿ ಹೈಸ್ಕೂಲ್ ಅಂದ್ರೆ 9ರಿಂದ 12ನೇ ಕ್ಲಾಸ್, ಅಂದ್ರೆ ನಮ್ಮ ಲೆಕ್ಕದಲ್ಲಿ ಪಿಯುಸಿ ಮುಗಿಯೋ ತನಕ. ಓಡೋ ಮಕ್ಕಳಿಗೆ ವರ್ಷಕ್ಕೆ ಮೂರು ಸೀಸನ್ ಇರಬಹುದು. ಮಳೆ, ಕೆಸರು, ಹುಲ್ಲಿನ ಮೇಲೆ ಕ್ರಾಸ್ ಕಂಟ್ರಿ. ಚಳಿಗಾಲದಲ್ಲಿ ಸೂರಿನ ಕೆಳಗೆ ಇಂಡೋರ್ ಟ್ರ್ಯಾಕ್. ಆಮೇಲೆ ಬಯಲಿನ ಟ್ರ್ಯಾಕ್. ಸ್ಕೂಲಿಗೇ ಒಬ್ಬ ಕೋಚ್. ಚೆನ್ನಾಗಿ ಓಡಿದರೆ ಯೂನಿವರ್ಸಿಟಿಗಳು ಸ್ಕಾಲರ್‌ಶಿಪ್ ಹಿಡ್ಕೊಂಡು ಮನೆ ಬಾಗಿಲಿಗೆ ಬರ್ತವೆ. ಹಾಗಾಗಿ 17 ವರ್ಷದ ಹುಡುಗನ ಟೈಮು ಅಲ್ಲಿ ಬರೀ ಟೈಮ್ ಅಲ್ಲ, ಕಾಲೇಜು ಫೀಸಿನ ಲೆಕ್ಕವೂ ಹೌದು.

ಆ ಟೈಮುಗಳಲ್ಲೇ ಎಲ್ಲಕ್ಕಿಂತ ಫೇಮಸ್ ಯಾವುದು ಅಂದ್ರೆ, ಒಂದು ಮೈಲಿ ನಾಲ್ಕು ನಿಮಿಷದೊಳಗೆ. ಮೈಲಿ ಅಂದ್ರೆ 1,609 ಮೀಟರ್. ಬೆಂಗಳೂರಿನ ಕಂಠೀರವ ಸ್ಟೇಡಿಯಂ ಥರದ 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಮೇಲೆ ಒಂಬತ್ತು ಮೀಟರ್. ಪ್ರತಿ ಸುತ್ತಿಗೆ 60 ಸೆಕೆಂಡ್ ಕೂಡ ಸಿಗಲ್ಲ. ನಿಮಗೆ ಫಿಟ್‌ನೆಸ್ ಇದೆ ಅನ್ಸಿದ್ರೆ ಒಂದು ಸುತ್ತು ಆ ವೇಗದಲ್ಲಿ ಓಡಿ ನೋಡಿ. ಆಮೇಲೆ ಇನ್ನೂ ಮೂರು ಬಾಕಿ ಇವೆ ಅಂತ ನೆನಪಿಸಿಕೊಳ್ಳಿ.

ಪ್ರಪಂಚದಲ್ಲೇ ಮೊದಲ ಬಾರಿ ಇದನ್ನ ಮಾಡಿದ್ದು ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್, 1954ರಲ್ಲಿ. ಆಗ ಅವರು ಡಾಕ್ಟರ್ ಆಗೋಕೆ ಓದ್ತಿದ್ದ 25 ವರ್ಷದ ಗಂಡಸು. ಸರಿಯಾಗಿ ಹತ್ತು ವರ್ಷ ಆದಮೇಲೆ, 1964ರ ಜೂನ್‌ನಲ್ಲಿ, ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಿನ ಜಿಮ್ ರಯನ್ ಅನ್ನೋ ಹೈಸ್ಕೂಲ್ ಹುಡುಗ 3 ನಿಮಿಷ 59 ಸೆಕೆಂಡಿನಲ್ಲಿ ಓಡಿ ಮುಗಿಸಿದ. ವಯಸ್ಸು 17. ತಮಾಷೆ ಏನಂದ್ರೆ ಆ ರೇಸಿನಲ್ಲಿ ಆತ ಬಂದಿದ್ದು ಎಂಟನೇ ಸ್ಥಾನ! ಮುಂದಿದ್ದ ಏಳೂ ಜನ ದೊಡ್ಡವರು. ಅದಕ್ಕೂ ಕೆಲವೇ ವರ್ಷ ಮುಂಚೆ ಇದೇ ಹುಡುಗನನ್ನ ಸ್ಕೂಲಿನ ಓಟದ ಟೀಮಿಗೂ ತಗೊಂಡಿರಲಿಲ್ಲ, ಚರ್ಚ್‌ನ ಬೇಸ್‌ಬಾಲ್ ಟೀಮಿನಿಂದಲೂ ಬಿಟ್ಟಿದ್ದರು.

ಮುಂದಿನ ವರ್ಷ, ಹೈಸ್ಕೂಲ್ ಮುಗಿಸೋ ಹೊತ್ತಿಗೆ, ಒಲಿಂಪಿಕ್ ಚಾಂಪಿಯನ್ ಪೀಟರ್ ಸ್ನೆಲ್‌ರನ್ನೇ ಸೋಲಿಸಿ 3:55.3. 19ಕ್ಕೆ ಮೈಲಿಯ ವಿಶ್ವದಾಖಲೆ, 3:51.3. ಮರುವರ್ಷ ಅದನ್ನೂ ತಾನೇ ಮುರಿದು 3:51.1. ಅಂದ್ರೆ ಭವಿಷ್ಯ ಹೇಳಿದವರ ಮಾತು ಒಂದೂ ಸುಳ್ಳಾಗಲಿಲ್ಲ, ಅಲ್ವಾ?

1968, ಮೆಕ್ಸಿಕೊ ಸಿಟಿ ಒಲಿಂಪಿಕ್ಸ್. ಊರು ಇರೋದು ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿ ಶಿಖರಕ್ಕಿಂತಲೂ ಮೇಲೆ. ಆ ತೆಳು ಗಾಳಿಯಲ್ಲಿ ದೂರದ ಓಟ ಅಂದ್ರೆ ಬಯಲುಸೀಮೆಯಲ್ಲಿ ಬೆಳೆದ ಹುಡುಗನಿಗೆ ಹಿಂಸೆ. ಅದೇ ವರ್ಷ ಮಾನೊನ್ಯೂಕ್ಲಿಯೋಸಿಸ್ ಅನ್ನೋ ಕಾಯಿಲೆ ಬೇರೆ ಬಂದುಹೋಗಿತ್ತು. ಕೀನ್ಯಾದ ಎತ್ತರದ ಊರುಗಳಿಂದ ಬಂದ ಕಿಪ್ ಕೀನೊ ಮೊದಲಿಂದಲೇ ಹೊಡೆದುಕೊಂಡು ಹೋದರು. ಜಿಮ್‌ಗೆ ಬೆಳ್ಳಿ. ಒಲಿಂಪಿಕ್ಸ್ ಬೆಳ್ಳಿ ಸ್ವಾಮಿ! ಆದ್ರೂ ಅವರದೇ ದೇಶದಲ್ಲಿ ಅದನ್ನ ಸೋಲು ಅಂತಲೇ ಓದಿದವರು ಕಮ್ಮಿ ಇರಲಿಲ್ಲ. 1972ರ ಮ್ಯೂನಿಕ್‌ನಲ್ಲಿ ಮೊದಲ ಸುತ್ತಿನಲ್ಲೇ ಇನ್ನೊಬ್ಬ ಓಟಗಾರನ ಕಾಲು ತಾಗಿ ಬಿದ್ದರು. ಅಲ್ಲಿಗೆ ಮುಗೀತು. ಆಮೇಲೆ ರಾಜಕೀಯಕ್ಕೆ ಬಂದು, 1996ರಿಂದ ಹತ್ತು ವರ್ಷ ಅಮೆರಿಕದ ಸಂಸತ್ತಿನಲ್ಲಿ ಕ್ಯಾನ್ಸಸ್‌ನ ಪ್ರತಿನಿಧಿಯಾಗಿದ್ದರು.

ಈಗ ಒರ್ಲಾಂಡೊ ಹುಡುಗರ ಹತ್ತಿರ ವಾಪಸ್ ಬರೋಣ. ಆ ಫೈನಲ್ ಆಗಿ ಒಂದು ತಿಂಗಳು ಚಿಲ್ಲರೆ ಆಗಿತ್ತು. 2001ರ ಜನವರಿಯಲ್ಲಿ ನ್ಯೂಯಾರ್ಕಿನ ಒಂದು ಇಂಡೋರ್ ಕೂಟದಲ್ಲಿ ಅಲನ್ ವೆಬ್ 3:59.86 ಓಡಿದ. 1967ರ ನಂತರ ಅಮೆರಿಕದ ಯಾವ ಹೈಸ್ಕೂಲ್ ಹುಡುಗನೂ ನಾಲ್ಕು ನಿಮಿಷ ಮುರಿದಿರಲಿಲ್ಲ. 34 ವರ್ಷ! ಮೇ ತಿಂಗಳಲ್ಲಿ ಒರೆಗಾನ್ ರಾಜ್ಯದ ಯೂಜೀನ್‌ನಲ್ಲಿ ಪ್ರಿಫಾಂಟೇನ್ ಕ್ಲಾಸಿಕ್ ಕೂಟ. ಮೊರಾಕೊದ ವಿಶ್ವದಾಖಲೆ ವೀರ ಹಿಶಾಮ್ ಎಲ್ ಗೆರೂಜ್ ಓಡ್ತಿದ್ದ ರೇಸು. ವೆಬ್ ಐದನೆಯವನಾಗಿ ಬಂದ, 3:53.43. ಜಿಮ್ ರಯನ್‌ರ 36 ವರ್ಷ ಹಳೇ ಹೈಸ್ಕೂಲ್ ದಾಖಲೆ ಹೋಯ್ತು. ಹುಡುಗ ರಾತ್ರೋರಾತ್ರಿ ಟಿವಿ ಶೋಗಳಲ್ಲಿ.

ನಾನು ಬಿ.ಕಾಂ ಓದಿದವನು, ಹಾಗಾಗಿ ನನಗೆ ಇಲ್ಲಿ ಶೇರ್ ಮಾರ್ಕೆಟ್ಟೇ ನೆನಪಾಗುತ್ತೆ. ಒಂದು ಕಂಪನಿಯ ಶೇರಿಗೆ ನಾವು ಕೊಡೋ ಬೆಲೆ ಇವತ್ತಿನ ಲಾಭಕ್ಕಷ್ಟೇ ಅಲ್ಲ, ಮುಂದಿನ ಹತ್ತು ವರ್ಷದ ಲಾಭದ ಆಸೆಗೂ ಸೇರಿಸಿ. ಬೆಲೆ ಆಗಲೇ ಆಕಾಶಕ್ಕೆ ಹೋಗಿದ್ದರೆ, ಕಂಪನಿ ಒಳ್ಳೇ ಲಾಭ ಮಾಡಿದರೂ ‘ಅಯ್ಯೋ ಇಷ್ಟೇನಾ’ ಅಂತ ಶೇರು ಬೀಳುತ್ತೆ. 2001ರ ಆ ಮಧ್ಯಾಹ್ನ ವೆಬ್‌ಗೆ ಆಗಿದ್ದು ಅದೇ ಅಂತ ನನ್ನ ಲೆಕ್ಕ. 18 ವರ್ಷದ ಹುಡುಗನ ಮೇಲೆ ಇಡೀ ದೇಶ ಒಲಿಂಪಿಕ್ಸ್ ಚಿನ್ನದ ಬೆಲೆ ಕಟ್ಟಿಬಿಡ್ತು. ಹಾಗೆ ಕಟ್ಟಿ ಅಂತ ಆತನೇನು ಕೇಳಿರಲಿಲ್ಲ.

ಆಮೇಲಿನದ್ದು ನೋಡಿ. ಮಿಷಿಗನ್ ಯೂನಿವರ್ಸಿಟಿಗೆ ಸೇರಿ ಒಂದೇ ವರ್ಷಕ್ಕೆ ಬಿಟ್ಟು, ತನ್ನ ಹೈಸ್ಕೂಲ್ ಕೋಚ್ ಸ್ಕಾಟ್ ರಾಝ್ಕೊ ಹತ್ತಿರವೇ ವಾಪಸ್ ಬಂದು, ನೈಕಿ ಜೊತೆ ಒಪ್ಪಂದ ಮಾಡಿಕೊಂಡು ವೃತ್ತಿಪರನಾದ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಗೆ. 2007ರ ಜುಲೈನಲ್ಲಿ ಬೆಲ್ಜಿಯಂನ ಬ್ರಾಸ್‌ಖಾಟ್ ಅನ್ನೋ ಊರಿನ ಸಣ್ಣ ಕೂಟದಲ್ಲಿ, ದೊಡ್ಡ ಸ್ಟೇಡಿಯಂ ಇಲ್ಲ, ದೊಡ್ಡ ಎದುರಾಳಿಗಳೂ ಇಲ್ಲ, 3:46.91 ಓಡಿ ಅಮೆರಿಕದ ದಾಖಲೆ ಮುರಿದರು. ಅದು 1982ರಿಂದ ಯಾರ ಕೈಗೂ ಸಿಗದೇ ಇದ್ದ ದಾಖಲೆ. ಅದೇ ವರ್ಷ ಒಸಾಕಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಾತ್ರ ಎಂಟನೇ ಸ್ಥಾನ. 2008, 2012, ಎರಡೂ ಒಲಿಂಪಿಕ್ಸ್ ತಂಡಗಳಲ್ಲಿ ಹೆಸರಿಲ್ಲ. ಕೋಚ್‌ಗಳು ಬದಲಾದರು, ಊರುಗಳು ಬದಲಾದವು, ಟೈಮ್ ಮಾತ್ರ ಕೆಳಗಿಳಿಯಲಿಲ್ಲ. 2014ರಲ್ಲಿ ಟ್ರ್ಯಾಕ್ ಬಿಟ್ಟು ಟ್ರಯಥ್ಲಾನ್ ಕಡೆ ಹೋದರು.

ಇದನ್ನ ‘ಬೆಳೆಯುವ ಮೊದಲೇ ಬಾಡಿದ ಪ್ರತಿಭೆ’ ಅಂತ ಬರೆಯೋರಿದ್ದಾರೆ. ನಂಗೆ ಸಿಟ್ಟು ಬರುತ್ತೆ. ಅಷ್ಟು ದೊಡ್ಡ ದೇಶದಲ್ಲಿ, ಅಲ್ಲಿವರೆಗೆ ಮೈಲಿ ಓಡಿದ ಅಷ್ಟೂ ಜನರಲ್ಲಿ ಅತಿ ವೇಗದ ವ್ಯಕ್ತಿಗೆ ಫೇಲ್ ಅನ್ನೋದಾದ್ರೆ, ಪಾಸ್ ಮಾರ್ಕ್ಸ್ ಎಷ್ಟು ಇಟ್ಟಿದ್ರಿ? ನಮ್ಮಲ್ಲೂ ಎಸ್‌ಎಸ್‌ಎಲ್‌ಸಿ ರ‍್ಯಾಂಕ್ ಬಂದವರನ್ನ ಹತ್ತು ವರ್ಷ ಆದಮೇಲೆ ಹುಡುಕಿಕೊಂಡು ಹೋಗಿ ‘ಈಗ ಏನ್ ಮಾಡ್ತಿದ್ದೀಯಪ್ಪಾ’ ಅಂತ ಕೇಳ್ತೀವಲ್ಲ, ಅದೇ ಧಾಟಿ.

ರಯಾನ್ ಹಾಲ್ ದಾರಿ ಬೇರೆ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯಲ್ಲಿ ಓದಿ, ಟ್ರ್ಯಾಕ್ ಬಿಟ್ಟು ರಸ್ತೆ ಓಟಕ್ಕೆ ಬಂದರು. 2007ರಲ್ಲಿ ಹಾಫ್ ಮ್ಯಾರಥಾನ್ 59 ನಿಮಿಷ 43 ಸೆಕೆಂಡ್, 2011ರಲ್ಲಿ ಬೋಸ್ಟನ್ ಮ್ಯಾರಥಾನ್ 2 ಗಂಟೆ 4 ನಿಮಿಷ 58 ಸೆಕೆಂಡ್. ಆಮೇಲೆ ದೇಹ ಸ್ಟ್ರೈಕ್ ಮಾಡಿಬಿಡ್ತು. ಮುಗಿಯದ ಸುಸ್ತು, ಟೆಸ್ಟೊಸ್ಟೆರಾನ್ ಮಟ್ಟ ಕಮ್ಮಿ. 2016ರ ಜನವರಿಯಲ್ಲಿ, 33ಕ್ಕೆ, ಸಾಕು ಅಂದ್ರು. ಈಗ ಅವರ ಫೋಟೊ ನೋಡಿದ್ರೆ ಗುರುತೇ ಸಿಗಲ್ಲ, ವೇಟ್‌ಲಿಫ್ಟಿಂಗ್ ಮಾಡಿ ಪೈಲ್ವಾನರ ಥರ ಆಗಿದ್ದಾರೆ. ಅವರೂ ಹೆಂಡತಿ ಸಾರಾ ಹಾಲ್ ಕೂಡ, ಸಾರಾ ಸಹ ಓಟಗಾರ್ತಿಯೇ, ಇಥಿಯೋಪಿಯಾದ ನಾಲ್ವರು ಅಕ್ಕತಂಗಿಯರನ್ನ ದತ್ತು ತಗೊಂಡು ಬೆಳೆಸಿದ್ದಾರೆ.

ಇನ್ನು ಅವತ್ತು ಗೆದ್ದ ರಿಟ್ಜೆನ್‌ಹೈನ್. ಅವರ ಬಗ್ಗೆ ಕೊನೇಲಿ ಹೇಳ್ತೀನಿ, ಒಂದು ಕಾರಣ ಇದೆ.

ಇಲ್ಲಿವರೆಗೆ ಬರೀ ಹುಡುಗರ ಕಥೆ ಆಯ್ತು. ಹುಡುಗಿಯರ ಕಥೆ ಇಷ್ಟು ಹಗುರ ಇಲ್ಲ. ಸ್ವಲ್ಪ ಎಚ್ಚರಿಕೆ: ಮುಂದಿನ ಎರಡು ನಿಮಿಷದಲ್ಲಿ ಆತ್ಮಹತ್ಯೆ ಯೋಚನೆಗಳ ಪ್ರಸ್ತಾಪ ಬರುತ್ತೆ.

ಮೇರಿ ಕೇನ್, ನ್ಯೂಯಾರ್ಕ್ ಹತ್ತಿರದ ಬ್ರಾಂಕ್ಸ್‌ವಿಲ್ ಊರಿನ ಹುಡುಗಿ. 2013ರಲ್ಲಿ, 17ಕ್ಕೆ, ವಿಶ್ವ ಚಾಂಪಿಯನ್‌ಶಿಪ್‌ಗೆ ಆಯ್ಕೆಯಾದ ಅಮೆರಿಕದ ಅತಿ ಕಿರಿಯ ಓಟಗಾರ್ತಿ. ಮಾಸ್ಕೊದಲ್ಲಿ 1,500 ಮೀಟರ್ ಫೈನಲ್‌ಗೆ ಹೋಗಿ ಹತ್ತನೇ ಸ್ಥಾನ. ನೈಕಿ ಕಂಪನಿಯ ಒರೆಗಾನ್ ಪ್ರಾಜೆಕ್ಟ್ ಅನ್ನೋ ತಂಡಕ್ಕೆ, ಆಲ್ಬರ್ಟೊ ಸಲಾಝಾರ್ ಅನ್ನೋ ದೊಡ್ಡ ಕೋಚ್ ಕೈಕೆಳಗೆ ಸೇರಿದಳು. 2014ರಲ್ಲಿ ವಿಶ್ವ ಜೂನಿಯರ್ ಚಿನ್ನ. ಆಮೇಲೆ ನಿಧಾನಕ್ಕೆ ಸುದ್ದಿಯೇ ಇಲ್ಲ.

2019ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಒಂದು ವಿಡಿಯೊದಲ್ಲಿ ಮೇರಿ ತಾವೇ ಬಾಯಿಬಿಟ್ಟರು. ತೂಕ ಇಳಿಸು, ಇನ್ನೂ ಇಳಿಸು ಅಂತ ಒತ್ತಡ. ಬೇರೆಯವರ ಎದುರಿಗೇ ತೂಕ ನೋಡೋದು. ಮೂರು ವರ್ಷ ಮುಟ್ಟು ನಿಂತುಹೋಯ್ತು. ಐದು ಮೂಳೆ ಮುರಿದವು. ಸಾಯಬೇಕು ಅನ್ನೋ ಯೋಚನೆ ಬರ್ತಿತ್ತು, ಹೇಳಿದರೂ ಯಾರೂ ಗಂಭೀರವಾಗಿ ತಗೊಳ್ಳಲಿಲ್ಲ. ಇದು ಅವರ ಮಾತು. ಸಲಾಝಾರ್ ಈ ಆರೋಪಗಳನ್ನ ಅಲ್ಲಗಳೆದರು. 2021ರಲ್ಲಿ ಮೇರಿ ಕೋರ್ಟಿಗೆ ಹೋದರು, 2023ರಲ್ಲಿ ಆ ಕೇಸು ರಾಜಿಯಲ್ಲಿ ಮುಗೀತು.

ಮುಟ್ಟಿಗೂ ಮೂಳೆಗೂ ಏನು ಸಂಬಂಧ ಅಂತ ಕೇಳಬಹುದು. ದೇಹ ಖರ್ಚು ಮಾಡೋ ಶಕ್ತಿಗಿಂತ ಊಟದಿಂದ ಬರೋದು ಕಮ್ಮಿ ಇದ್ದರೆ, ದೇಹ ಬಜೆಟ್ ಕಡಿತ ಶುರು ಮಾಡುತ್ತೆ. ಮೊದಲು ನಿಲ್ಲೋ ಕೆಲಸಗಳಲ್ಲಿ ಮುಟ್ಟು ಒಂದು. ಈಸ್ಟ್ರೊಜೆನ್ ಇಳಿಯುತ್ತೆ. ಈಸ್ಟ್ರೊಜೆನ್ ಇಲ್ಲದೆ ಮೂಳೆ ಗಟ್ಟಿಯಾಗಲ್ಲ. ಮೂಳೆ ಗಟ್ಟಿಯಾಗಬೇಕಾದ ಹದಿಹರೆಯದಲ್ಲೇ ಇದು ಆದ್ರೆ, ಓಡಿದ ಹಾಗೇ ಬಿರುಕು. ಮುಟ್ಟು ನಿಂತಿದೆ ಅಂದ್ರೆ ಟ್ರೇನಿಂಗ್ ಚೆನ್ನಾಗಿ ನಡೀತಿದೆ ಅಂತ ನಂಬಿದ್ದ ಕೋಚ್‌ಗಳು ಇದ್ದರು. ಕೇಳ್ತಿರೋ ಹುಡುಗಿಯರಲ್ಲಿ ಯಾರಾದರೂ ಓಡ್ತಿದ್ದರೆ, ತಿಂಗಳುಗಟ್ಟಲೆ ಹೀಗಾಗಿದ್ದರೆ, ದಯವಿಟ್ಟು ಕೋಚ್‌ಗಿಂತ ಮೊದಲು ಡಾಕ್ಟರ್‌ಗೆ ತೋರಿಸಿ. ಹದಿನಾರು, ಹದಿನೇಳಕ್ಕೆ ದೇಹ ಬದಲಾಗಿ ಟೈಮ್ ಒಂದೆರಡು ವರ್ಷ ನಿಂತಲ್ಲೇ ನಿಲ್ಲಬಹುದು. ಅದು ಸೋಮಾರಿತನ ಅಲ್ಲ, ಬೆಳವಣಿಗೆ.

ಮೇರಿ ಆಮೇಲೆ ಡಾಕ್ಟರ್ ಆಗೋಕೆ ಮೆಡಿಕಲ್ ಸೇರಿದರು.

ಸರಿ, ರಿಟ್ಜೆನ್‌ಹೈನ್. ಮೂವರಲ್ಲಿ ಕಮ್ಮಿ ಮಾತಿಗೆ ಸಿಕ್ಕವರು ಇವರೇ. ಮೂಳೆ ಬಿರುಕು ಇವರಿಗೂ ಬೆನ್ನುಬಿಡದ ಕಾಟ. 2004ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟ ಪೂರ್ತಿ ಮುಗಿಸೋಕೂ ಆಗಲಿಲ್ಲ. 2008ರ ಬೀಜಿಂಗ್ ಮ್ಯಾರಥಾನ್‌ನಲ್ಲಿ ಒಂಬತ್ತನೇ ಸ್ಥಾನ. ಹತ್ತನೇ ಸ್ಥಾನ ಯಾರಿಗೆ ಗೊತ್ತಾ? ರಯಾನ್ ಹಾಲ್‌ಗೆ. ಒರ್ಲಾಂಡೊ ಹುಡುಗರಿಬ್ಬರು ಎಂಟು ವರ್ಷ ಆದಮೇಲೆ ಒಲಿಂಪಿಕ್ಸ್‌ನಲ್ಲೂ ಹಿಂದೆಮುಂದೆ! 2009ರಲ್ಲಿ 5,000 ಮೀಟರ್‌ನಲ್ಲಿ ಅಮೆರಿಕದ ದಾಖಲೆ. 2012ರಲ್ಲಿ ಮ್ಯಾರಥಾನ್ ಆಯ್ಕೆ ಓಟದಲ್ಲಿ ನಾಲ್ಕನೇ ಸ್ಥಾನ, ಟಿಕೆಟ್ ಇದ್ದದ್ದು ಮೂವರಿಗೆ. ಕೂತು ಅಳದೆ, ಕೆಲವೇ ತಿಂಗಳಲ್ಲಿ 10,000 ಮೀಟರ್‌ಗೆ ಅರ್ಹತೆ ಗಳಿಸಿ ಲಂಡನ್‌ಗೆ ಹೋದರು. 2020ರಲ್ಲಿ ನಿವೃತ್ತಿ. ಅದೇ ವರ್ಷ ಕೊಲರಾಡೊದ ಬೋಲ್ಡರ್‌ನಲ್ಲಿ ಆನ್ ಅನ್ನೋ ಶೂ ಕಂಪನಿಯ ತಂಡಕ್ಕೆ ಕೋಚ್.

ಆ ತಂಡಕ್ಕೆ ಯಾರೆಡ್ ನುಗುಸೆ ಅನ್ನೋ ಹುಡುಗ ಬಂದ. ಇಥಿಯೋಪಿಯಾದಿಂದ ಬಂದ ಅಪ್ಪ ಅಮ್ಮನ ಮಗ, ಬೆಳೆದಿದ್ದು ಕೆಂಟಕಿಯಲ್ಲಿ, ಮುಂದೆ ಹಲ್ಲಿನ ಡಾಕ್ಟರ್ ಆಗೋ ಆಸೆ. ಹೈಸ್ಕೂಲಿನಲ್ಲಿದ್ದಾಗ ಈತ ನಾಲ್ಕು ನಿಮಿಷದೊಳಗೆ ಮೈಲಿ ಓಡಿದವನೇ ಅಲ್ಲ. ಟಿವಿ ಶೋಗೆ ಯಾರೂ ಕರೆದಿರಲಿಲ್ಲ.

2023ರ ಸೆಪ್ಟೆಂಬರ್. ಅದೇ ಯೂಜೀನ್, ಅದೇ ಪ್ರಿಫಾಂಟೇನ್ ಕ್ಲಾಸಿಕ್. ನುಗುಸೆ 3:43.97 ಓಡಿದ, ಅಲನ್ ವೆಬ್‌ರ 16 ವರ್ಷದ ಅಮೆರಿಕನ್ ದಾಖಲೆ ಹೋಯ್ತು. ಮುರಿಸಿದ ಕೋಚ್, ಒರ್ಲಾಂಡೊದಲ್ಲಿ ವೆಬ್‌ಗಿಂತ ಮುಂದೆ ಗೆರೆ ದಾಟಿದ್ದ ಆ ಹುಡುಗ. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನ 1,500 ಮೀಟರ್‌ನಲ್ಲಿ ನುಗುಸೆಗೆ ಕಂಚು. ಆ ಓಟದಲ್ಲಿ ಚಿನ್ನ ಗೆದ್ದ ಕೋಲ್ ಹಾಕರ್ ಮಾತ್ರ 2018ರಲ್ಲಿ ಅದೇ ಹೈಸ್ಕೂಲ್ ಕ್ರಾಸ್ ಕಂಟ್ರಿ ಫೈನಲ್ ಗೆದ್ದವನು. ಆ ಕಥೆಗೆ ಇನ್ನೊಂದು ಎಪಿಸೋಡ್ ಬೇಕು.

ನಿಮ್ಮ ಸ್ಕೂಲಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡ್ತಿದ್ದವರು ಈಗ ಎಲ್ಲಿದ್ದಾರೆ? ಗೊತ್ತಿದ್ದರೆ ವಾಯ್ಸ್ ನೋಟ್ ಕಳಿಸಿ, ಅವರನ್ನ ಕೇಳಿಕೊಂಡೇ ಕಳಿಸಿ. ಮುಂದಿನ ವಾರ ಸಿಗೋಣ.