ಖಂಡೆಯ ಎತ್ತುವ ಮುನ್ನ
(ವ್ಯಾಯಾಮ ಕಲಿಸುವ ಸ್ವಯಂಸೇವಕರಿಗಾಗಿ ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಹುಡುಗರಿಗೆ ಅಂಗಸಾಧನೆ ಕಲಿಸಲು ಮುಂದೆ ಬಂದಿರುವ ಮಾಸ್ತರರಿಗೂ ಸ್ವಯಂಸೇವಕರಿಗೂ ಉಪಯೋಗವಾಗುವ ನಾಲ್ಕು ಮಾತು ಹೇಳಬೇಕೆಂದು ನಮಗೆ ಅಪ್ಪಣೆಯಾಗಿದೆ. ಜೇಜುರಿಯಲ್ಲಿ ನಿಂತು ಈ ವಿಷಯ ಮಾತನಾಡುವವರು ಖಂಡೋಬನ ಖಂಡೆಯವನ್ನು ಮರೆಯುವಂತಿಲ್ಲ. ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ ಅಲ್ಲವೇ? ಇಲ್ಲಿಯವರು ‘ಯಳಕೋಟ’ ಎಂದು ಕೂಗಿದರೆ ನಮ್ಮ ಕಿವಿಗೆ ‘ಏಳುಕೋಟಿ’ ಎಂದೇ ಕೇಳಿಸುತ್ತದೆ.

ದಸರೆಯ ಉತ್ಸವದಲ್ಲಿ ಇಲ್ಲಿ ನಡೆಯುವ ಪಂದ್ಯವನ್ನು ತಮ್ಮಲ್ಲಿ ಅನೇಕರು ನೋಡಿದ್ದೀರಿ. ಸುಮಾರು 42 ಕಿಲೋ ತೂಕದ ಖಂಡೆಯವನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು ಯಾರು ಹೆಚ್ಚು ಹೊತ್ತು ನಿಲ್ಲುವರೆಂದು ನೋಡುತ್ತಾರೆ. ಹಲ್ಲಿನಿಂದ ಎತ್ತುವವರೂ ಉಂಟು. ನೋಡಿದರೆ ಮೈ ನವಿರೇಳುತ್ತದೆ. ಆದರೆ ಅದನ್ನು ನೋಡಿ ಬಂದ ಹನ್ನೆರಡು ಹದಿಮೂರರ ಹುಡುಗರು ಕಬ್ಬಿಣದ ಪೈಪು, ಬೀಸುವ ಕಲ್ಲು, ತುಂಬಿದ ಕೊಡ, ಕೈಗೆ ಸಿಕ್ಕಿದ್ದನ್ನು ಹಿಡಿದು ಓಣಿಯಲ್ಲಿ ಖಂಡೆಯದ ಆಟ ಹೂಡುತ್ತಾರೆ. ಆ ಹುರುಪನ್ನು ಬೈದು ಅಡಗಿಸುವವನು ಮಾಸ್ತರನಲ್ಲ. ಆದರೆ ಹುರುಪಿನಲ್ಲಿ ಭುಜದ ಕೀಲು ತಪ್ಪಿದರೆ, ನಡು ಹಿಡಿದುಕೊಂಡರೆ, ನಾಳೆ ಮೈಮುರಿದು ದುಡಿಯಬೇಕಾದ ಮನೆಯ ಮಗನಿಗೆ ಅದು ಆಟದ ನಷ್ಟವಲ್ಲ, ಅನ್ನದ ನಷ್ಟ.

ಸಿಮೆಂಟಿನ ಚೀಲ 50 ಕಿಲೋ, ಅದನ್ನು ಹಮಾಲರು ದಿನವೂ ಹೊರುತ್ತಾರೆ, ಹಾಗಾದರೆ 42 ಕಿಲೋದಲ್ಲಿ ಏನು ದೊಡ್ಡದು ಎಂದು ಹುಡುಗರು ಕೇಳುತ್ತಾರೆ. ಬಾಯಲ್ಲಿ ಉತ್ತರ ಕೊಡಬೇಡಿ. ಒಂದು ಲೀಟರಿನ ನೀರಿನ ಬಾಟಲಿ ಕೊಟ್ಟು, ತೋಳು ನೆಟ್ಟಗೆ ಚಾಚಿ ಹಿಡಿ ಎನ್ನಿ. ತುಸು ಹೊತ್ತಿಗೆ ತೋಳು ನಡುಗುತ್ತದೆ. ಅದೇ ಬಾಟಲಿಯನ್ನು ಎದೆಗೆ ಅವಚಿಕೊಂಡರೆ ಭಾರವೇ ತಿಳಿಯದು. ಭಾರವು ಕೀಲಿನಿಂದ ದೂರ ಹೋದಷ್ಟೂ ಹೆಚ್ಚು ಜಗ್ಗುತ್ತದೆ. ಈ ಒಂದು ಪಾಠ ತಿಳಿದ ಹುಡುಗ ನೆಲದಿಂದ ಏನನ್ನು ಎತ್ತುವಾಗಲೂ ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ತಂದುಕೊಂಡು, ಉಸಿರು ಕಟ್ಟದೆ ಎತ್ತುತ್ತಾನೆ. ಪಾಳಿಯಲ್ಲಿ ದುಡಿಯುವ ಅವನ ಅಪ್ಪನಿಗೂ ಇದನ್ನೇ ಹೇಳಬೇಕು.

ಇನ್ನು ಭಾರ ಏರಿಸುವ ಕ್ರಮ. ವಿಜಯಪುರ, ಬಾಗಲಕೋಟೆಯ ಕಡೆಯವರಿಗೆ ಸಂಗ್ರಾಣಿ ಕಲ್ಲು, ಗುಂಡು ಎತ್ತುವುದು ಹೊಸದಲ್ಲ. ಒಳ್ಳೆಯ ಉಸ್ತಾದನು ಚಿಕ್ಕ ಗುಂಡು ಹಗುರಾಗುವ ತನಕ ದೊಡ್ಡದನ್ನು ಮುಟ್ಟಗೊಡುವುದಿಲ್ಲ. ಇದನ್ನೇ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಎಂಬವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರಿಗೆ ಮಾಡಿಸಿ, 1945ರಲ್ಲಿ ಬರೆದು ಪ್ರಕಟಿಸಿದರು. 1948ರ ಹೊತ್ತಿಗೆ ಅವರ ಕ್ರಮ ಬಹಳ ಸುಲಭವಾಯಿತು: ಒಬ್ಬನು ಹತ್ತು ಸಲ ಮಾತ್ರ ಎತ್ತಬಲ್ಲ ಭಾರ ಎಷ್ಟೆಂದು ನೋಡಿಕೊಳ್ಳುವುದು, ಮೊದಲು ಅದರ ಅರ್ಧ ಭಾರ ಹತ್ತು ಸಲ, ಆಮೇಲೆ ಮುಕ್ಕಾಲು ಭಾರ ಹತ್ತು ಸಲ, ಕೊನೆಗೆ ಪೂರ್ತಿ ಭಾರ ಹತ್ತು ಸಲ. ಇದಕ್ಕೆ ಯಂತ್ರ ಬೇಡ, ತಕ್ಕಡಿಯೂ ಬೇಡ. ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿ ಸಾಕು. ಒಂದು ಲೀಟರು ನೀರೆಂದರೆ ಒಂದು ಕಿಲೋ. ಬಲಿತ ಹುಡುಗರಿಗೆ ಮಾತ್ರ ಇದು. ಚಿಕ್ಕವರಿಗೆ ತಮ್ಮ ಮೈಯ ಭಾರವೇ ಸಾಕಷ್ಟಾಯಿತು: ದಂಡ, ಬಸ್ಕಿ, ಹಗ್ಗದ ಜಿಗಿತ.

ಗಡದ ಮೆಟ್ಟಿಲಿಗಿಂತ ಒಳ್ಳೆಯ ವ್ಯಾಯಾಮಶಾಲೆ ಎಲ್ಲಿದೆ? ಜನಸಂದಣಿಗೆ ಮುಂಚೆ ಹತ್ತಿಸಿ. ಆದರೆ ಇಳಿಯುವಾಗ ಓಡಗೊಡಬೇಡಿ. ಭಂಡಾರ ಬಿದ್ದ ಕಲ್ಲು ಇಬ್ಬನಿಗೆ ನೆನೆದರೆ ಕಾಲು ಜಾರುತ್ತದೆ, ಮೊಣಕಾಲಿಗೆ ಪೆಟ್ಟು ಬೀಳುವುದೂ ಇಳಿಯುವಾಗಲೇ.

ಹೆಣ್ಣುಮಕ್ಕಳನ್ನು ಬದಿಯಲ್ಲಿ ಕುಳ್ಳಿರಿಸಬೇಡಿ. ಖೋಖೋ ಆಟಕ್ಕೆ ನಿಯಮ ಕಟ್ಟಿಕೊಟ್ಟದ್ದೇ ಈ ಪುಣೆಯ ಡೆಕ್ಕನ್ ಜಿಮಖಾನಾ. ಎರಡು ಕಂಬ, ಒಂದಿಷ್ಟು ಸುಣ್ಣ, ಇಷ್ಟೇ ಖರ್ಚು. ಕಬಡ್ಡಿಗೆ ಗಂಡಸರ ಅಂಕಣ 13 ಮೀಟರು ಉದ್ದ, 10 ಮೀಟರು ಅಗಲ ಎಂದು ಪುಸ್ತಕದಲ್ಲಿದೆಯೆಂದು ಕೈ ಕಟ್ಟಿ ಕೂಡಬೇಕಾಗಿಲ್ಲ. ಇರುವ ಜಾಗಕ್ಕೆ ತಕ್ಕ ಗೆರೆ ಎಳೆದು ಕಲ್ಲು ಆರಿಸಿ ಆಡಿಸಿ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಪರೀಕ್ಷೆ ಬಂತೆಂದರೆ ಡ್ರಿಲ್ ತಾಸನ್ನು ಗಣಿತಕ್ಕೆ ಕೊಡುವ ಶಾಲೆಗಳಿಂದ ಅಷ್ಟು ದೊರೆಯದು. ಉಳಿದದ್ದು ನಮ್ಮ ಹೊಣೆ.

ಓದಲು ಆಸೆಯುಳ್ಳವರಿಗೆ ಬೆಂಗಳೂರಿನ ಕೆ. ವಿ. ಅಯ್ಯರ್ ಇದ್ದಾರೆ. ‘ಶಾಂತಲಾ’ ಕಾದಂಬರಿ ಬರೆದವರೇ ವ್ಯಾಯಾಮಶಾಲೆ ನಡೆಸಿ ಇಂಗ್ಲಿಷಿನಲ್ಲಿ ಸೂರ್ಯನಮಸ್ಕಾರದ ಪುಸ್ತಕವನ್ನೂ ಬರೆದರು. ಮರಾಠಿ ಓದಬಲ್ಲವರು ಬರೋಡೆಯ ಮುಜುಂದಾರರ ‘ವ್ಯಾಯಾಮ ಜ್ಞಾನಕೋಶ’ದ ಸಂಪುಟಗಳನ್ನು ಹುಡುಕಬಹುದು.

ಎಲ್ಲಕ್ಕಿಂತ ಬೇಕಾದದ್ದು ಒಂದು ವಹಿ. ಗುಮಾಸ್ತರಾದ ನಮಗೆ ಅದು ಕಷ್ಟವೇ? ಹೆಸರು, ವಯಸ್ಸು, ತಾರೀಖು, ಎಷ್ಟು ಭಾರ, ಎಷ್ಟು ಸಲ. ಕೊನೆಗೆ ‘ನೋವು’ ಎಂದು ಒಂದು ಕಲಮು. ಹುಡುಗರು ನೋವನ್ನು ಬಚ್ಚಿಡುತ್ತಾರೆ. ಕೇಳಿ ಕೇಳಿ ಬರೆಯಬೇಕು. ಬರೆದ ದಿನ ಭಾರ ಏರಿಸಕೂಡದು. ಪುಟ ತಿರುವಿದರೆ ಯಾರು ಎಷ್ಟು ಏರಿದರೆಂದು ಅವರಿಗೇ ಕಾಣುತ್ತದೆ. ಆಗ ಖಂಡೆಯದ ಅವಸರ ತಾನಾಗಿ ತಗ್ಗುತ್ತದೆ.

ವಹಿಯನ್ನು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಭಾನುವಾರ ಬೆಳಿಗ್ಗೆ ಆರಕ್ಕೆ ಮೊದಲ ತಂಡ. ರಾತ್ರಿ ಪಾಳಿ ಮುಗಿಸಿದವರು ನೇರವಾಗಿ ಬರಬೇಡಿ, ಮಲಗಿ ಎದ್ದು ಸಂಜೆಯ ತಂಡಕ್ಕೆ ಬನ್ನಿ. ಮನೆಯಲ್ಲಿ ಖಾಲಿ ಡಬ್ಬಿಗಳಿದ್ದರೆ ಮುಚ್ಚಳ ಸಮೇತ ತನ್ನಿ.