ಕಾರ್ಡಿನ ಪುಟ್ಟ ಸ್ವಿಚ್ಚು

ಊರಿನಿಂದ ತಂದ ಅಜ್ಜಿಯ ಹಾಡಿನ ಕ್ಯಾಸೆಟ್ ನಿಮ್ಮಲ್ಲೂ ಇರಬಹುದು. ಅದರ ಬೆನ್ನಿನ ಪ್ಲಾಸ್ಟಿಕ್ ಚೂರು ಮುರಿದುಬಿಟ್ಟರೆ ಟೇಪ್‌ರೆಕಾರ್ಡರಿನ ರೆಕಾರ್ಡ್ ಗುಂಡಿಯೇ ಕೂರುತ್ತಿರಲಿಲ್ಲ, ಹಾಡು ಉಳಿಯುತ್ತಿತ್ತು. ಆ ತೂತಿಗೆ ಸೆಲ್ಲೋಟೇಪು ಅಂಟಿಸಿ, ಅಜ್ಜಿಯ ಮೇಲೇ ಸಿನಿಮಾ ಹಾಡು ತುಂಬಿಸಿಕೊಂಡ ಮಹನೀಯರೂ ಇದ್ದರು, ಬಿಡಿ!

ಈಗ ಅದೇ ಹಾಡನ್ನು ಎಸ್‌ಡಿ ಕಾರ್ಡಿಗೆ ಇಳಿಸಿ, ಪ್ರತಿ ಮಾಡಿಸಲು ಖಡಕಿ ಬಜಾರಿನ ಅಂಗಡಿಗೆ ಒಯ್ಯುತ್ತೀರಿ. ಕಾರ್ಡಿನ ಪಕ್ಕದ ಸ್ವಿಚ್ಚನ್ನು ‘ಲಾಕ್’ ಕಡೆಗೆ ಸರಿಸಿ, ಆದರೆ ಅದನ್ನೇ ನೆಚ್ಚಬೇಡಿ. ಸ್ವಿಚ್ಚು ಎಲ್ಲಿದೆಯೆಂದು ಕಾರ್ಡಿಗೇ ತಿಳಿಯದು; ನೋಡಿ ಸುಮ್ಮನಿರಬೇಕಾದ್ದು ಕಾರ್ಡ್ ರೀಡರ್. ಕೆಲವು ರೀಡರ್‌ಗಳು ನೋಡುವುದೇ ಇಲ್ಲ. ಮೈಕ್ರೊ ಎಸ್‌ಡಿಯಲ್ಲಂತೂ ಸ್ವಿಚ್ಚೇ ಇಲ್ಲ, ಹೆಚ್ಚಿನ ಪೆನ್‌ಡ್ರೈವ್‌ಗಳಲ್ಲೂ ಇಲ್ಲ. ಹೊರಡುವ ಮುನ್ನ ಮನೆಯ ಕಂಪ್ಯೂಟರಿಗೆ ಒಂದು ಪ್ರತಿ ಇಳಿಸಿಕೊಳ್ಳಿ. ಕ್ಯಾಸೆಟ್ಟನ್ನೂ ಎಸೆಯಬೇಡಿ.